ಸ್ನಾತಕೋತ್ತರ ಓದಿಗೆ ದುಡ್ಡು ಹೊಂದಿಸುವ ಬಗೆ: ಸ್ಕಾಲರ್‌ಶಿಪ್ ಟೇಬಲ್ಲಿನ ಈಚೆಯಿಂದ

'ಮೇಡಂ, ಎಂ.ಎ.ಗೆ ಯಾವ ಸ್ಕಾಲರ್‌ಶಿಪ್ ಬರುತ್ತದೆ?' ಎಂದು ಕೇಳಿಕೊಂಡು ಬರುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಅಡ್ಮಿಶನ್ ಆಗಿದೆಯೋ, ಇನ್ನೂ ಆಗಬೇಕೋ? ಆಗಬೇಕು ಎಂದರೆ ಕುರ್ಚಿ ಎಳೆದುಕೊಂಡು ಕೂರಲು ಹೇಳುತ್ತೇನೆ, ಏಕೆಂದರೆ ಮಾತನಾಡುವುದು ಬಹಳ ಇರುತ್ತದೆ. ಆಗಿದೆ ಎಂದರೆ ಉಳಿಸಬಹುದಾಗಿದ್ದ ದುಡ್ಡಿನಲ್ಲಿ ದೊಡ್ಡ ಪಾಲು ಆಗಲೇ ಕೈಬಿಟ್ಟು ಹೋಗಿರುತ್ತದೆ.

ಧಾರವಾಡದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತೆ ನಾನು. ನವಲಗುಂದ, ಕಲಘಟಗಿ, ಸವದತ್ತಿ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ನಮ್ಮಲ್ಲಿ ಹೆಚ್ಚು. ನೆರವಿನ ಯೋಜನೆಗಳು ಕಡಿಮೆ ಇವೆ ಎಂದು ನನಗೆ ಅನಿಸುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಸರ್ಕಾರದ ದುಡ್ಡು ಬರುತ್ತದೆ, ಆದರೆ ಬೇಕಾದ ದಿನ ಬರುವುದಿಲ್ಲ. ಶುಲ್ಕ ಕಟ್ಟುವ ಕೊನೆಯ ದಿನ ಮಳೆಗಾಲದಲ್ಲಿ ಬಂದರೆ, ವಿದ್ಯಾರ್ಥಿವೇತನ ಬೇಸಿಗೆಯಲ್ಲಿ ಬರಬಹುದು, ಅದರ ಮುಂದಿನ ವರ್ಷವೂ ಬರಬಹುದು. ಆದ್ದರಿಂದ ಎಷ್ಟು ಬರುತ್ತದೆ ಎಂಬುದರ ಜೊತೆಗೆ ಯಾವಾಗ ಬರುತ್ತದೆ ಎಂಬ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಈ ಬರಹದ ತುಂಬ ನಾನು ಹೇಳುವುದು ಇದನ್ನೇ.

ಪ್ರವೇಶಕ್ಕೆ ಮೊದಲು

ಕಟ್ಟದೇ ಉಳಿದ ಶುಲ್ಕಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಇಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಒಂದೇ ವಿಷಯಕ್ಕೆ ಸಾಮಾನ್ಯ ಶುಲ್ಕದ ಸೀಟುಗಳೂ ಹೆಚ್ಚುವರಿ ಶುಲ್ಕದ ಸೀಟುಗಳೂ ಇರುತ್ತವೆ. ಕೌನ್ಸೆಲಿಂಗ್ ದಿನ ಗಡಿಬಿಡಿಯಲ್ಲಿ ಸಿಕ್ಕ ಸೀಟಿಗೆ ಸಹಿ ಹಾಕಿ, ಆಮೇಲೆ 'ಶುಲ್ಕ ಮರುಪಾವತಿ ಆಗುತ್ತದಲ್ಲ' ಎನ್ನುತ್ತಾರೆ. ಮರುಪಾವತಿ ಲೆಕ್ಕ ಹಾಕುವುದು ಸರ್ಕಾರ ನಿಗದಿ ಮಾಡಿದ ಶುಲ್ಕದ ಮೇಲೆ. ಆಡಳಿತ ಮಂಡಳಿ ಕೋಟಾದಲ್ಲಿ ಸೇರಿದರೆ ಮುಂದೆ ಹೇಳುವ ಹಲವು ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಎರಡನೆಯ ಸುತ್ತಿನವರೆಗೆ ಕಾಯುವ ತಾಳ್ಮೆ ಇದ್ದರೆ ಕಾಯಿರಿ. ಎಂ.ಬಿ.ಎ., ಎಂ.ಸಿ.ಎ.ಗೆ ಹೋಗುವವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆದು ಸರ್ಕಾರಿ ಸೀಟಿಗೇ ಪ್ರಯತ್ನಿಸಿ.

ಎಂ.ಟೆಕ್.ಗೆ ಹೋಗುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಎಂಜಿನಿಯರಿಂಗ್‌ನವರು ಬರೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯ ಅಂಕದ ಮೇಲೆ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಮಾನ್ಯತೆಯ ಕಾಲೇಜಿಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ, ಎರಡು ವರ್ಷದ ಕೋರ್ಸಿನುದ್ದಕ್ಕೂ. ಅದೇ ಕಾಲೇಜಿನ ಅದೇ ತರಗತಿಗೆ ಪಿಜಿಸಿಇಟಿಯಿಂದ ಬಂದು ಪಕ್ಕದಲ್ಲೇ ಕೂತವನಿಗೆ ಅದು ಇಲ್ಲ. ಗೇಟ್ ಅಂಕಕ್ಕೆ ಮೂರು ವರ್ಷ ಆಯುಷ್ಯ. ಬಿ.ಇ. ಕೊನೆಯ ವರ್ಷದಲ್ಲಿ ಕ್ಯಾಂಪಸ್ ಸಂದರ್ಶನಗಳ ನಡುವೆ ಹೇಗೋ ಬರೆದು ತೇರ್ಗಡೆಯಾಗಿಬಿಟ್ಟರೂ ಅದು ಮುಂದೆ ಕೈಹಿಡಿಯುತ್ತದೆ. ಎರಡು ವರ್ಷಕ್ಕೆ ಸುಮಾರು ಮೂರು ಲಕ್ಷದ ಮಾತು ಇದು.

ಎಂ.ಎ., ಎಂ.ಎಸ್ಸಿ.ಯವರು ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ದಾರಿ ತೆರೆಯುತ್ತದೆ. ಕಲಬುರಗಿ ಹತ್ತಿರದ ಕಡಗಂಚಿಯಲ್ಲಿ 2009ರಿಂದ ಒಂದು ಕೇಂದ್ರೀಯ ವಿಶ್ವವಿದ್ಯಾಲಯ ಇದ್ದರೂ ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ. ಹೈದರಾಬಾದು, ಪುದುಚೇರಿ ಎಂದರೆ ಮನೆಯವರು ಹೌಹಾರುತ್ತಾರೆ. ಕಲಬುರಗಿ ಎಂದರೆ ಯೋಚಿಸಬಹುದು ಎನ್ನುತ್ತಾರೆ.

ಹುಡುಗಿಯರಿಗೆ ಇನ್ನೊಂದು ಲೆಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸುಗಳು ಮಹಿಳೆಯರಿಗೆ ಉಚಿತ. ದಿನಾ ಒಂದೂವರೆ ಗಂಟೆಯ ಪ್ರಯಾಣ ತಡೆದುಕೊಳ್ಳುವ ಶಕ್ತಿ ಇದ್ದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. ಆದರೆ ಎಂ.ಎಸ್ಸಿ. ಪ್ರಯೋಗಾಲಯ ಸಂಜೆ ಆರಕ್ಕೆ ಮುಗಿಯುತ್ತದೆ, ಹಳ್ಳಿಯ ಕೊನೆಯ ಬಸ್ಸು ಐದೂವರೆಗೆ ಹೊರಟಿರುತ್ತದೆ. ವೇಳಾಪಟ್ಟಿ ನೋಡಿ ನಿರ್ಧರಿಸಿ.

ಹೆಸರು, ಸಂಖ್ಯೆ, ಖಾತೆ

ಅರ್ಜಿ ತಿರಸ್ಕೃತವಾದ ಮಕ್ಕಳಲ್ಲಿ ಅರ್ಹತೆ ಇಲ್ಲದವರು ಕಡಿಮೆ. ಹೆಚ್ಚಿನವರ ಅರ್ಜಿ ನಿಲ್ಲುವುದು ಹೆಸರಿನ ಮೇಲೆ. ನಮ್ಮ ಉತ್ತರ ಕರ್ನಾಟಕದವರ ಹೆಸರಿನಲ್ಲಿ ತಂದೆಯ ಹೆಸರು, ಮನೆತನದ ಹೆಸರು ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ 'ಮಂಜುಳಾ ಬಸಪ್ಪ ಹೂಗಾರ' ಎಂದಿದ್ದರೆ ಆಧಾರ್‌ನಲ್ಲಿ 'ಮಂಜುಳಾ ಹೂಗಾರ', ಬ್ಯಾಂಕಿನಲ್ಲಿ 'ಮಂಜುಳಾ ಬಿ. ಎಚ್.', ಜಾತಿ ಪ್ರಮಾಣ ಪತ್ರದಲ್ಲಿ 'ಮಂಜುಳಾ ಹೂಗಾರ ಬಸಪ್ಪ'. ಮನುಷ್ಯರಿಗೆ ಇವರೆಲ್ಲ ಒಬ್ಬಳೇ. ಕಂಪ್ಯೂಟರಿಗೆ ನಾಲ್ಕು ಜನ.

ತಿದ್ದುವುದಾದರೆ ಯಾವುದನ್ನು ತಿದ್ದಬೇಕು? ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಗಟ್ಟಿ ಎಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಿ. ಮಂಡಳಿಯ ದಾಖಲೆ ತಿದ್ದಿಸಲು ಹೊರಟರೆ ಕಾಲು ಸವೆಯುತ್ತದೆ. ಆಧಾರ್ ಕೇಂದ್ರದಲ್ಲಿ ಅದೇ ಅಂಕಪಟ್ಟಿ ತೋರಿಸಿ ಹೆಸರು ಸರಿಪಡಿಸಿಕೊಳ್ಳಬಹುದು. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಕೌಂಟರಿನಲ್ಲಿ ಕೂತ ಹುಡುಗ ಟೈಪ್ ಮಾಡಿದ ಮೇಲೆ, ಅವನು ಗುಂಡಿ ಒತ್ತುವ ಮೊದಲು, ಪರದೆಯ ಮೇಲಿನ ಒಂದೊಂದು ಅಕ್ಷರವನ್ನೂ ಓದಿ. ಅವನು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ನಾಡಕಚೇರಿಯಿಂದ ಬರುವ ಈ ಕಾಗದದ ಮೇಲೆ 'ಆರ್‌ಡಿ' ಎಂದು ಆರಂಭವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಅರ್ಜಿಗೆ ಬೇಕಾಗಿರುವುದು ಆ ಸಂಖ್ಯೆಯೇ, ಲ್ಯಾಮಿನೇಶನ್ ಮಾಡಿಸಿದ ಹಾಳೆಯಲ್ಲ. ರಾಜ್ಯದಲ್ಲಿ ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಪಿಯುಸಿಯಲ್ಲಿ ಮಾಡಿಸಿದ್ದು ಸರಿಯಾಗಿ ಎಂ.ಎ. ಮೊದಲ ವರ್ಷದಲ್ಲಿ ಮುಗಿದುಹೋಗುತ್ತದೆ, ಬಹಳ ಜನ ಎಡವುವುದು ಇಲ್ಲಿಯೇ. ಪದವಿಯ ಕೊನೆಯ ಪರೀಕ್ಷೆ ಮುಗಿದ ವಾರವೇ ದಿನಾಂಕ ನೋಡಿ. ಮುಗಿಯುವಂತಿದ್ದರೆ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಿ. ಜೂನ್, ಜುಲೈ ಬಂದರೆ ಊರಿನ ಎಲ್ಲ ಮಕ್ಕಳ ಅರ್ಜಿಯೂ ಒಬ್ಬರೇ ಗ್ರಾಮ ಆಡಳಿತಾಧಿಕಾರಿಯ ಮುಂದೆ ಬಿದ್ದಿರುತ್ತದೆ.

ಮೂರನೆಯದು ಬ್ಯಾಂಕ್ ಖಾತೆ. ಸರ್ಕಾರದ ನೇರ ವರ್ಗಾವಣೆಯ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಹೋಗುತ್ತದೆ ಎಂದುಕೊಳ್ಳಬೇಡಿ. ಆಧಾರ್ ಸಂಖ್ಯೆಗೆ ಆ ಹೊತ್ತಿನಲ್ಲಿ ಜೋಡಣೆಯಾಗಿರುವ ಖಾತೆಗೆ ಹೋಗುತ್ತದೆ, ಮತ್ತು ಒಂದು ಆಧಾರ್‌ಗೆ ಒಂದೇ ಖಾತೆ ಹಾಗೆ ಜೋಡಣೆಯಾಗಿರುತ್ತದೆ. ಕೆವೈಸಿ ಮಾಡಿಸಿದ್ದೇನೆ ಎನ್ನುವುದು ಬೇರೆ, ಜೋಡಣೆ ಬೇರೆ. ನಮ್ಮಲ್ಲಿ ಒಬ್ಬ ಹುಡುಗನ ಹಣ ಎಲ್ಲಿಗೆ ಹೋಯಿತು ಎಂದು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಅದು ಅವನು ಯಾವಾಗಲೋ ಸಿಮ್ ಕೊಳ್ಳುವಾಗ ಬೆರಳಚ್ಚು ಕೊಟ್ಟು ತೆರೆದ, ಅವನಿಗೇ ನೆನಪಿಲ್ಲದ ಮೊಬೈಲ್ ಖಾತೆಯಲ್ಲಿ ಕೂತಿತ್ತು! ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಲಾಗಿನ್ ಆಗಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹಣ ಬಂದಿದೆಯೇ ಇಲ್ಲವೇ ಎಂದು ತಿಳಿಯಲು 'ಡಿಬಿಟಿ ಕರ್ನಾಟಕ' ಎಂಬ ಆ್ಯಪ್ ಇದೆ. ದಿನಕ್ಕೆ ಮೂರು ಸಲ ನನ್ನನ್ನು ಕೇಳುವುದಕ್ಕಿಂತ ಅದನ್ನು ನೋಡುವುದು ಇಬ್ಬರಿಗೂ ಒಳ್ಳೆಯದು.

ರಾಜ್ಯದ ಪೋರ್ಟಲ್

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಎಲ್ಲ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವುದು, ಒಂದೇ ಬಾಗಿಲು. ಅಲ್ಲಿ ಒಂದು ಅರ್ಜಿ ಹಾಕಿದರೆ ನೀವು ಯಾವ ಇಲಾಖೆಗೆ ಸೇರುತ್ತೀರಿ ಎಂಬುದನ್ನು ಅದೇ ಹಂಚಿಕೊಳ್ಳುತ್ತದೆ. ಅಪ್‌ಲೋಡ್ ಮಾಡುವ ದಾಖಲೆಗಳಿಗೆ ಕಾಲೇಜಿನ ಇ-ದೃಢೀಕರಣ ಅಧಿಕಾರಿಯ ಅನುಮೋದನೆ ಬೇಕು. ಮೂಲ ಪ್ರತಿಗಳನ್ನು ತಂದು ತೋರಿಸಿ. ಮೊಬೈಲಿನಲ್ಲಿ ತೆಗೆದ, ಅರ್ಧ ನೆರಳು ಬಿದ್ದ ಫೋಟೊ ಹಿಡಿದುಕೊಂಡು ಬಂದರೆ ನಾನಂತೂ ವಾಪಸ್ ಕಳಿಸುತ್ತೇನೆ.

ಕೊನೆಯ ದಿನಾಂಕವನ್ನು ಸರ್ಕಾರ ಮುಂದೂಡುತ್ತಲೇ ಇರುತ್ತದೆ ಎಂಬುದು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡುವ ಮೊದಲ ಪಾಠ. ಮುಂದೂಡುತ್ತದೆ, ನಿಜ. ಆದರೆ ಅರ್ಜಿ ಕೊಟ್ಟ ಮೇಲೆ ಕಾಲೇಜು ಪರಿಶೀಲಿಸಬೇಕು, ಇಲಾಖೆ ಮಂಜೂರು ಮಾಡಬೇಕು. ಸಾಲಿನ ಹಿಂದೆ ನಿಂತವರಿಗೆ ಅನುದಾನ ಬರುವುದೂ ಹಿಂದೆಯೇ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು, ಏಕೆಂದರೆ ಪ್ರತಿ ವರ್ಷವೂ ಇದರ ಮೇಲೆ ನಮ್ಮಲ್ಲಿ ಜಗಳ ನಡೆಯುತ್ತದೆ. ವಾರ್ಷಿಕ ಆದಾಯ 2.5 ಲಕ್ಷದೊಳಗಿನ ಕುಟುಂಬದವರಿಗೆ ಇರುವ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಶೇ 60 ಕೇಂದ್ರದ ಪಾಲು, ಶೇ 40 ರಾಜ್ಯದ ಪಾಲು. ರಾಜ್ಯ ತನ್ನದನ್ನು ಬಿಡುಗಡೆ ಮಾಡಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಜಮೆಯಾಗುತ್ತದೆ. ಅದರಲ್ಲಿ ನಿಮ್ಮ ನಿರ್ವಹಣಾ ಭತ್ಯೆ ಮಾತ್ರವಲ್ಲ, ಕಾಲೇಜಿಗೆ ಸೇರಬೇಕಾದ ಶುಲ್ಕವೂ ಇರುತ್ತದೆ. ಮಗನ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬಂದಾಗ ಮನೆಯಲ್ಲಿ ಬೋರ್‌ವೆಲ್ ಮೋಟರು ಸುಟ್ಟಿರುತ್ತದೆ, ಅಕ್ಕನ ಸೀಮಂತ ಇರುತ್ತದೆ. ತಿಂಗಳ ನಂತರ ಕಾಲೇಜಿನಿಂದ ನೋಟಿಸು ಹೋದಾಗ 'ಸರ್ಕಾರ ಕೊಟ್ಟ ದುಡ್ಡನ್ನು ನೀವೇಕೆ ಕೇಳುತ್ತೀರಿ' ಎಂದು ತಂದೆ ಕೆಂಡವಾಗಿ ಬರುತ್ತಾರೆ. ಅವರ ಸಿಟ್ಟಿನಲ್ಲಿ ತಪ್ಪಿಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಹಣ ಬಂದ ದಿನ ಕಾಲೇಜಿಗೆ ಬಂದು ಅದರಲ್ಲಿ ಶುಲ್ಕ ಎಷ್ಟು, ನಿಮ್ಮದೆಷ್ಟು ಎಂದು ಕೇಳಿ, ಶುಲ್ಕದ ಪಾಲನ್ನು ಕಟ್ಟಿ ರಸೀದಿ ಇಟ್ಟುಕೊಳ್ಳಿ. ಅಂಕಪಟ್ಟಿ ತಡೆಹಿಡಿಯುವ ಪ್ರಸಂಗ ಬರುವುದಿಲ್ಲ.

ಹಿಂದುಳಿದ ವರ್ಗದವರಿಗೆ ಶುಲ್ಕ ವಿನಾಯಿತಿ ಇದೆ. ಆದಾಯ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆ ಬೇರೆ. ಆಯಾ ವರ್ಷದ ಆದೇಶವನ್ನೇ ನೋಡಿ, ಅಣ್ಣನಿಗೆ ಬಂದಿತ್ತು ಎಂದು ನಂಬಿ ಕೂರಬೇಡಿ. ಇಲಾಖೆಯ ಹಾಸ್ಟೆಲ್ಲಿಗೆ ಅರ್ಜಿ ಹಾಕಿಯೂ ಸೀಟು ಸಿಗದವರಿಗೆ ವಿದ್ಯಾಸಿರಿ ಇದೆ. ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಇದು ಬಂತು. ನನ್ನ ಸಲಹೆ ಕೇಳುವುದಾದರೆ ಹಾಸ್ಟೆಲ್ ಸಿಕ್ಕರೆ ಹಾಸ್ಟೆಲ್ಲನ್ನೇ ಹಿಡಿಯಿರಿ. ಧಾರವಾಡದಲ್ಲಿ ಆ ದುಡ್ಡಿಗೆ ಮೆಸ್ಸಿನ ಒಂದು ಹೊತ್ತಿನ ಊಟವೂ ತಿಂಗಳು ಪೂರ್ತಿ ಆಗುವುದಿಲ್ಲ, ಅದೂ ಎಂದು ಬರುತ್ತದೆ ಎಂದು ಹೇಳಲಾಗದು. ಹಾಸ್ಟೆಲ್ಲಿನ ಊಟ ಅದೇ ಹೊತ್ತಿಗೆ ತಟ್ಟೆಗೆ ಬರುತ್ತದೆ. ಹಾಸ್ಟೆಲ್ ಅರ್ಜಿಗೆ ಬೇರೆ ಪೋರ್ಟಲ್ ಇದೆ, ಎಸ್‌ಎಸ್‌ಪಿ ಅರ್ಜಿಯಿಂದ ಹಾಸ್ಟೆಲ್ ಸಿಗುವುದಿಲ್ಲ.

ರೈತರ ಮಕ್ಕಳಿಗೆ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಕೋರ್ಸಿಗೆ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ ಎಂದು ನಿಗದಿಯಾಯಿತು. ಇದರ ಬೀಗದ ಕೈ ತಂದೆ ಅಥವಾ ತಾಯಿಯ ಎಫ್‌ಐಡಿ, ಅಂದರೆ ರೈತ ಗುರುತಿನ ಸಂಖ್ಯೆ. ರೈತರನ್ನು ನೋಂದಾಯಿಸುವ 'ಫ್ರೂಟ್ಸ್' ತಂತ್ರಾಂಶದಲ್ಲಿ ಹೆಸರಿಲ್ಲದ ರೈತ ಸರ್ಕಾರದ ಕಣ್ಣಿಗೆ ರೈತನೇ ಅಲ್ಲ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ತಂದೆಗೆ ಎಫ್‌ಐಡಿ ಆಗುವುದಿಲ್ಲ. ಪೌತಿ ಖಾತೆ ಬದಲಾವಣೆ ಮಾಡಿಸದೆ ಬಿಟ್ಟ ಮನೆಗಳು ನಮ್ಮ ಕಡೆ ಎಷ್ಟಿವೆಯೋ! ಗಾರೆ ಕೆಲಸ, ಬಣ್ಣದ ಕೆಲಸ ಮಾಡುವವರ ಮಕ್ಕಳಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸಹಾಯಧನ ಇದೆ. ಅದಕ್ಕೆ ಕಾರ್ಮಿಕ ಕಾರ್ಡು ಚಾಲ್ತಿಯಲ್ಲಿರಬೇಕು.

ಯುವನಿಧಿಯ ಬಗ್ಗೆ ಒಂದು ಎಚ್ಚರಿಕೆ. ಪದವಿ ಮುಗಿಸಿದ ನಿರುದ್ಯೋಗಿಗಳಿಗೆ ತಿಂಗಳಿಗೆ 3,000 ಕೊಡುವ ಈ ಯೋಜನೆ ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಇಲ್ಲ. ಎಂ.ಎ.ಗೆ ಸೇರಿಯೂ 'ನಾನು ಓದುತ್ತಿಲ್ಲ' ಎಂದು ಘೋಷಣೆ ಕೊಡುವವರಿದ್ದಾರೆ. ಎರಡೂ ಕಡೆ ಇರುವುದು ಒಂದೇ ಆಧಾರ್ ಸಂಖ್ಯೆ ಎಂಬುದನ್ನು ಮರೆಯಬೇಡಿ.

ಅಂಕದ ಮೇಲೆ, ಪರೀಕ್ಷೆಯ ಮೇಲೆ

ಜಾತಿ, ಆದಾಯ ಯಾವುದರಲ್ಲೂ ಹೊಂದಿಕೆಯಾಗದೆ 'ನಮಗೇನೂ ಇಲ್ಲ ಬಿಡಿ ಮೇಡಂ' ಎಂದು ಎದ್ದು ಹೋಗುವವರಿಗೆ ನಾನು ತೋರಿಸುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನವನ್ನು. ದೇಶಕ್ಕೆ ವರ್ಷಕ್ಕೆ 10,000 ಜನ, ತಿಂಗಳಿಗೆ 15,000 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು, ಎರಡು ವರ್ಷ. ಅಂದರೆ ವರ್ಷಕ್ಕೆ ಒಂದೂವರೆ ಲಕ್ಷ. ಇದರಲ್ಲಿ ಶೇ 30 ಸ್ಥಾನ ಹೆಣ್ಣುಮಕ್ಕಳಿಗೆ. ಆಯ್ಕೆ ಪದವಿಯ ಅಂಕಗಳ ಮೇಲೆ. ವಯಸ್ಸು 30 ಮೀರಿರಬಾರದು, ನಿತ್ಯ ತರಗತಿಯ ಕೋರ್ಸಿನ ಮೊದಲ ವರ್ಷದಲ್ಲಿರಬೇಕು. ಎರಡನೆಯ ವರ್ಷದಲ್ಲಿ ಗೊತ್ತಾಗಿ ಬಂದರೆ ಪ್ರಯೋಜನವಿಲ್ಲ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅಲ್ಲಿ ಮೊದಲು ಒಂದು ಬಾರಿಯ ನೋಂದಣಿ ಮಾಡಿಕೊಳ್ಳಬೇಕು. ಹೆಚ್ಚಿನ ಸರ್ಕಾರಿ ಯೋಜನೆಗಳು ಒಂದೇ ಓದಿಗೆ ಎರಡು ವಿದ್ಯಾರ್ಥಿವೇತನ ಪಡೆಯಲು ಬಿಡುವುದಿಲ್ಲ. ಆದ್ದರಿಂದ ದೊಡ್ಡದಕ್ಕೆ ಆಯ್ಕೆಯಾದರೆ ಚಿಕ್ಕದನ್ನು ಬರಹದಲ್ಲಿ ಬಿಟ್ಟುಕೊಡಿ.

ಸಂಶೋಧನೆಯ ಕಡೆ ಮನಸ್ಸಿರುವವರಿಗೆ, ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್‌ಗಿಂತ ಗಟ್ಟಿಯಾದ ಆಸರೆ ಇನ್ನೊಂದಿಲ್ಲ. 2023ರ ಜನವರಿಯಿಂದ ಅದರ ಮೊತ್ತ ತಿಂಗಳಿಗೆ 37,000, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದಾಗ 42,000. ಮನೆ ಬಾಡಿಗೆ ಭತ್ಯೆ ಬೇರೆ. ನೆಟ್ ಪರೀಕ್ಷೆ ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಲ್ಲಿ ವರ್ಷಕ್ಕೆರಡು ಬಾರಿ ಬರುತ್ತದೆ. ವಿಜ್ಞಾನದವರಿಗೆ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಹೆಸರಿನ ನೆಟ್ ಬೇರೆ ಇದೆ. ಎಂ.ಎ. ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು, ಬರೆಯಲೇಬೇಕು ಎಂಬುದು ನನ್ನ ಹಟ. ಏಕೆಂದರೆ ಓದು ಬೆಚ್ಚಗಿರುವುದು ಆಗಲೇ. ಊರಿಗೆ ಹೋಗಿ 'ಆರಾಮಾಗಿ ಓದಿ ಬರೆಯುತ್ತೇನೆ' ಎಂದವರಲ್ಲಿ ಮರಳಿ ಬಂದವರು ಕಡಿಮೆ. ಸಾಮಾನ್ಯ ವರ್ಗದ ಹುಡುಗರಿಗೆ ಜೆಆರ್‌ಎಫ್ ವಯಸ್ಸಿನ ಮಿತಿ 30. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಐದು ವರ್ಷದ ಸಡಿಲಿಕೆ ಇದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ತೇರ್ಗಡೆಯಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ದುಡ್ಡು ಬರುವುದಿಲ್ಲ. ನೆಟ್‌ನಲ್ಲಿಯೂ ಎಲ್ಲರಿಗೂ ಫೆಲೋಶಿಪ್ ಇಲ್ಲ. 2024ರ ಜೂನ್ ಆವೃತ್ತಿಯಿಂದ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತದೆ: ಜೆಆರ್‌ಎಫ್ ಸಮೇತ ಪ್ರಾಧ್ಯಾಪಕ ಅರ್ಹತೆ, ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ, ಬರೀ ಪಿಎಚ್.ಡಿ. ಪ್ರವೇಶ. ಮನೆಯಲ್ಲಿ ಪೇಢೆ ಹಂಚುವ ಮೊದಲು ನಿಮ್ಮದು ಯಾವುದು ನೋಡಿಕೊಳ್ಳಿ.

ನೆಟ್ ಪಾಸಾಗಿ ಜೆಆರ್‌ಎಫ್ ತಪ್ಪಿದ ಪರಿಶಿಷ್ಟ ಜಾತಿ, ಹಿಂದುಳಿದ ವರ್ಗದ ಸಂಶೋಧಕರಿಗೆ ಅವರವರ ಹೆಸರಿನ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಪರಿಶಿಷ್ಟ ಪಂಗಡದವರಿಗೂ ಒಂದು ಇದೆ. ಮೊತ್ತ ಜೆಆರ್‌ಎಫ್‌ನಷ್ಟೇ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತಿದೆ. ಹಳೆಯ ಮಾಹಿತಿ ನೋಡಿ ಅದನ್ನೇ ಹುಡುಕುತ್ತ ಕೂರಬೇಡಿ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದವರು ಕೇಂದ್ರ ವಿಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಚಿನ್ನದ ಪದಕ ಕಪಾಟಿನಲ್ಲಿಟ್ಟು ಇದನ್ನು ಬಿಟ್ಟವರನ್ನು ನೋಡಿದ್ದೇನೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವ, ಬೇರೆ ಯಾವ ಫೆಲೋಶಿಪ್ಪೂ ಇಲ್ಲದವರಿಗೆ ತಿಂಗಳಿಗೆ 8,000 ಇದೆ. ಜೆಆರ್‌ಎಫ್‌ ಎದುರು ಅದು ಏನೂ ಅಲ್ಲ, ಆದರೂ ಶೂನ್ಯಕ್ಕಿಂತ ಮೇಲು.

ಫೆಲೋಶಿಪ್ ಸಿಕ್ಕಿತೆಂದ ಕೂಡಲೇ ತಿಂಗಳ ಸಂಬಳದಂತೆ ಒಂದನೇ ತಾರೀಖಿಗೆ ಬರುತ್ತದೆ ಎಂದೂ ತಿಳಿಯಬೇಡಿ. ನೀವು ಕೆಲಸ ಮಾಡಿದ್ದೀರಿ ಎಂದು ಸಂಸ್ಥೆಯಲ್ಲಿ ಒಬ್ಬರು ಪ್ರತಿ ತಿಂಗಳೂ ನಮೂದಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಇಬ್ಬರಲ್ಲಿ ಒಬ್ಬರು ಚುನಾವಣೆ ಕೆಲಸಕ್ಕೆ ಹೋದರೆ ನಿಮ್ಮ ತಿಂಗಳು ತಪ್ಪಿತು. ಆ ಇಬ್ಬರು ಯಾರು ಎಂದು ಸೇರಿದ ವಾರವೇ ತಿಳಿದುಕೊಂಡು, ಮುಖ ಪರಿಚಯ ಮಾಡಿಕೊಳ್ಳಿ. ಗೇಟ್ ವಿದ್ಯಾರ್ಥಿವೇತನದ ಕಥೆಯೂ ಇದೇ. ಹಾಜರಾತಿ ನಮೂದಾಗದಿದ್ದರೆ ಹಣವಿಲ್ಲ.

ಟ್ರಸ್ಟು, ಮಠ, ದತ್ತಿ

ನಮ್ಮ ಭಾಗದಲ್ಲಿ ಸರ್ಕಾರಕ್ಕೂ ಮೊದಲೇ ಈ ಕೆಲಸ ಮಾಡಿದವರಿದ್ದಾರೆ. ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ರಾಜ್ಯದ ತುಂಬ ಇದ್ದಾರೆ. ಸಿದ್ಧಗಂಗೆ, ಸುತ್ತೂರುಗಳ ಮಾತು ಎಲ್ಲರಿಗೂ ಗೊತ್ತು. ಇಂಥ ಕಡೆ ಅರ್ಜಿ ನಮೂನೆ ಪೋರ್ಟಲ್‌ನಲ್ಲಿ ಸಿಗುವುದಿಲ್ಲ. ಮೇ ತಿಂಗಳಲ್ಲೇ ಹೋಗಿ, ಅಂಕಪಟ್ಟಿ ಹಿಡಿದು, ಕಚೇರಿಯವರನ್ನು ಕಂಡು ಮಾತನಾಡಬೇಕು. ಸಂಕೋಚ ಬೇಡ.

ನಿಮ್ಮ ವಿಭಾಗದಲ್ಲೇ ದತ್ತಿ ಬಹುಮಾನ, ದತ್ತಿ ವಿದ್ಯಾರ್ಥಿವೇತನಗಳಿರುತ್ತವೆ. ಯಾರೋ ನಿವೃತ್ತ ಪ್ರಾಧ್ಯಾಪಕರು ತಾಯಿಯ ಹೆಸರಿನಲ್ಲಿ ಇಟ್ಟ ಠೇವಣಿಯ ಬಡ್ಡಿ ಅದು. ಮೊತ್ತ ಚಿಕ್ಕದು, ಸ್ಪರ್ಧೆಯೂ ಚಿಕ್ಕದು. ಅರ್ಜಿಯೇ ಬಾರದೆ ಬಡ್ಡಿ ಬೆಳೆಯುತ್ತ ಕೂತ ದತ್ತಿಗಳಿವೆ. ವಿಭಾಗದ ಮುಖ್ಯಸ್ಥರನ್ನು ಕೇಳಿ ಪಟ್ಟಿ ಪಡೆಯಿರಿ.

ಖಾಸಗಿ ವಿಶ್ವವಿದ್ಯಾಲಯ ಎಂದ ಕೂಡಲೇ ಹೆದರುವುದೂ ಬೇಡ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕುಟುಂಬದ ಆರ್ಥಿಕ ಸ್ಥಿತಿ ನೋಡಿ ಪೂರ್ತಿ ಬೋಧನಾ ಶುಲ್ಕವನ್ನೂ ಮನ್ನಾ ಮಾಡುವ ವ್ಯವಸ್ಥೆ ಇದೆ. ಶಿಕ್ಷಣ, ಅಭಿವೃದ್ಧಿ ಮುಂತಾದ ವಿಷಯಗಳಲ್ಲಿ ಎಂ.ಎ. ಮಾಡುವವರು ಒಮ್ಮೆ ನೋಡಲೇಬೇಕು. ಖಾಸಗಿ ಪ್ರತಿಷ್ಠಾನಗಳ ವಿದ್ಯಾರ್ಥಿವೇತನ ಹುಡುಕುವಾಗ ಒಂದೇ ನಿಯಮ: ಅರ್ಜಿ ಶುಲ್ಕ ಕೇಳಿದರೆ, 'ಪ್ರೊಸೆಸಿಂಗ್‌ಗೆ ಐನೂರು ಕಳಿಸಿ' ಎಂದರೆ, ಅದು ಮೋಸ. ಕೊಡುವವರು ಮೊದಲು ಕೇಳುವುದಿಲ್ಲ.

ಸಾಲ

ಸಾಲವನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ಎಂ.ಎ. ಇತಿಹಾಸಕ್ಕೆ ಐದು ಲಕ್ಷ ಸಾಲ ಮಾಡಬೇಡಿ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತೇನೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಅಷ್ಟು ಖರ್ಚೇ ಇಲ್ಲ. ಎಂ.ಬಿ.ಎ., ಎಂ.ಟೆಕ್., ಎಂ.ಸಿ.ಎ.ಯಂಥವಕ್ಕೆ ಮಾಡುವುದಾದರೆ ಮೊದಲು ಕಡಿಮೆ ಬಡ್ಡಿಯದನ್ನು ನೋಡಿ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ಅಭಿವೃದ್ಧಿ ನಿಗಮದ 'ಅರಿವು' ಸಾಲ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ, ಶೇ 2 ಬಡ್ಡಿಗೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲೂ ಇದೇ ಹೆಸರಿನ ಯೋಜನೆ ಇದೆ. ಆಮೇಲೆ ಬ್ಯಾಂಕು.

ಬ್ಯಾಂಕಿನಲ್ಲಿ ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗುರುತಿಸಿದ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರಿದವರಿಗೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಐಐಟಿ ಧಾರವಾಡ, ಸುರತ್ಕಲ್ಲಿನ ಎನ್‌ಐಟಿಕೆ, ಐಐಎಸ್‌ಸಿಯಂಥ ಕೇಂದ್ರದ ಸಂಸ್ಥೆಗಳ ಜೊತೆಗೆ ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಮೇಲಿರುವವು ಆ ಪಟ್ಟಿಯಲ್ಲಿವೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಇಲ್ಲದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸಿಗೆ ಸೇರಿದವರಿಗೆ ಆ ಅವಧಿಯ ಪೂರ್ತಿ ಬಡ್ಡಿಯನ್ನು ಸರ್ಕಾರ ತುಂಬುವ ಹಳೆಯ ಯೋಜನೆಯೂ ಇದೆ. ಎಂ.ಎ.ಯವರಿಗೆ ಅದು ಅನ್ವಯಿಸುವುದಿಲ್ಲ.

ಬಡ್ಡಿ ರಿಯಾಯಿತಿ ಸಿಗದವರು ಈ ಲೆಕ್ಕ ನೋಡಿ. ಶೇ 9ರ ದರದಲ್ಲಿ ಐದು ಲಕ್ಷ ಸಾಲ, ವರ್ಷಕ್ಕೆ ಎರಡೂವರೆ ಲಕ್ಷದಂತೆ ಎರಡು ಕಂತಿನಲ್ಲಿ ಬಿಡುಗಡೆ. ಕೋರ್ಸು ಎರಡು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟದೆ ಇರಬಹುದು. 'ಮೂರು ವರ್ಷ ಏನೂ ಕಟ್ಟಬೇಕಿಲ್ಲ' ಎಂದು ಹೇಳುವುದು ಇದನ್ನೇ. ಆದರೆ ಬಡ್ಡಿ ಓಡುತ್ತಿರುತ್ತದೆ. ಮೊದಲ ಕಂತಿಗೆ ಮೂರು ವರ್ಷಕ್ಕೆ 67,500, ಎರಡನೆಯದಕ್ಕೆ ಎರಡು ವರ್ಷಕ್ಕೆ 45,000. ಕಂತು ಶುರುವಾಗುವ ದಿನ ಸಾಲ 6,12,500 ಆಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,760 ರೂಪಾಯಿ. ಓದುವಾಗಲೇ ಬಡ್ಡಿಯಷ್ಟನ್ನೇ, ಅಂದರೆ ಮೊದಲ ವರ್ಷ ತಿಂಗಳಿಗೆ 1,875, ಆಮೇಲೆ 3,750 ಕಟ್ಟುತ್ತ ಬಂದಿದ್ದರೆ ಸಾಲ ಐದು ಲಕ್ಷದಲ್ಲೇ ನಿಂತು ಕಂತು 6,330ರ ಆಸುಪಾಸಿನಲ್ಲಿ ಇರುತ್ತಿತ್ತು. ತಡವಾಗಿ ಬಂದ ವಿದ್ಯಾರ್ಥಿವೇತನ ಕೈಯಲ್ಲಿದ್ದರೆ ಹೊಸ ಮೊಬೈಲಿಗೆ ಹಾಕುವ ಬದಲು ಇದಕ್ಕೆ ಹಾಕಿ.

ಬ್ಯಾಂಕಿಗೆ ಹೋದಾಗ ಆಗುವ ಒಂದು ವಿಚಿತ್ರ ಹೇಳುತ್ತೇನೆ. ನಮ್ಮ ಒಬ್ಬ ವಿದ್ಯಾರ್ಥಿನಿಯನ್ನು ಒಂದು ಶಾಖೆಯವರು ಅರ್ಜಿಯನ್ನೇ ಕೊಡದೆ ಬಾಯಿಮಾತಿನಲ್ಲಿ ವಾಪಸ್ ಕಳಿಸಿದರು. 'ಈ ಕೋರ್ಸಿಗೆ ಸಾಲ ಇಲ್ಲಮ್ಮ' ಎಂದರಂತೆ. ಅರ್ಜಿಯೇ ಇಲ್ಲದಿದ್ದರೆ ತಿರಸ್ಕಾರವೂ ದಾಖಲಾಗುವುದಿಲ್ಲ, ದೂರು ಕೊಡಲು ಕಾಗದವೂ ಇರುವುದಿಲ್ಲ. ಆಕೆಗೆ ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ, ಅರ್ಜಿ ಸಂಖ್ಯೆ ಬರೆದ ಪತ್ರವನ್ನು ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಲು ಹೇಳಿದೆ. ಕಾಗದದಲ್ಲಿ 'ಇಲ್ಲ' ಎಂದು ಬರೆಯಲು ಕಾರಣ ಬೇಕು, ಕಾರಣ ಸಿಗಲಿಲ್ಲ. ಸಾಲ ಮಂಜೂರಾಯಿತು. ಆದ್ದರಿಂದ ಬ್ಯಾಂಕಿಗೆ ಮಾತನಾಡಲು ಹೋಗುವ ಮೊದಲು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಹೋಗಿ. ಪ್ರವೇಶ ಪತ್ರದ ಜೊತೆ, ವರ್ಷವಾರು ಶುಲ್ಕದ ವಿವರವನ್ನು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪಡೆದುಕೊಳ್ಳಿ. ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಎಲ್ಲವನ್ನೂ ಅದರಲ್ಲಿ ಬರೆಸಿ, ಏಕೆಂದರೆ ಆಮೇಲೆ ಸೇರಿಸಲು ಹೋದರೆ ಇನ್ನೊಂದು ಸುತ್ತು ತಿರುಗಬೇಕು.

ಇನ್ನು ವಿದ್ಯಾರ್ಥಿವೇತನ ಮಂಜೂರಾಗಿ ಹಣ ಬಾರದ, ಶುಲ್ಕದ ಗಡುವು ಬಂದ ದಿನಗಳಿಗೆ. ಎಸ್‌ಎಸ್‌ಪಿ ಅರ್ಜಿಯ ಸ್ವೀಕೃತಿ ಲಗತ್ತಿಸಿ, ಕಂತಿನಲ್ಲಿ ಕಟ್ಟಲು ಅನುಮತಿ ಕೋರಿ ಪ್ರಾಚಾರ್ಯರಿಗೆ ಒಂದು ಪುಟದ ಮನವಿ ಕೊಡಿ. ದಂಡ ಬೀಳುವ ದಿನಾಂಕಕ್ಕೆ ಮೊದಲೇ ಕೊಡಿ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಬೈಗುಳ ತಿನ್ನಬೇಕಾಗುತ್ತದೆ ಎಂದು ಬಾಗಿಲ ಹೊರಗೇ ನಿಲ್ಲುವವರು ಬಹಳ. ನಾನು ನೋಡಿದ ಮಟ್ಟಿಗೆ ಪ್ರಾಚಾರ್ಯರು ಬೈದು ಆಮೇಲೆ ಸಹಿ ಹಾಕುತ್ತಾರೆ.